ಬಾವು ಇಳಿಯುವ ಮೊದಲು

ಎದುರಿಗೆ ಯಾರೇ ಬರಲಿ, ಖಾಜಾಬಿ ಮೊದಲು ಅವರ ಕಾಲು ನೋಡುತ್ತಾಳೆ, ಆಮೇಲೆ ಮುಖ. ಯಾವಗಲ್ ಊರಿನ ಮಂದಿಗೆಲ್ಲ ಇದು ಗೊತ್ತು. ಅದಕ್ಕೇ ಅವಳ ಅಂಗಳಕ್ಕೆ ಬರುವಾಗ ಕುಂಟುವವನೂ ನೆಟ್ಟಗೆ ಹೆಜ್ಜೆ ಇಡಲು ನೋಡುತ್ತಿದ್ದ. ಆಕೆ ಕಟ್ಟೆಯ ಮೇಲೆ ಕೂತಲ್ಲಿಂದಲೇ ಕೂಗುತ್ತಿದ್ದಳು, "ನಾಟಕಾ ಬ್ಯಾಡೋ ತಮ್ಮಾ, ಎಡಗಾಲ ಹಿಮ್ಮಡ ನೆಲಕ್ಕ ಹತ್ತವಲ್ದು. ಬಾ, ಕೂಡು."

ಹುಟ್ಟಿದ್ದು ಗಜೇಂದ್ರಗಡದಲ್ಲಿ. ಅಪ್ಪ ಎತ್ತುಗಳಿಗೆ ಲಾಳ ಬಡಿಯುವವನು. ಎತ್ತನ್ನು ಹಗ್ಗ ಹಾಕಿ ಕೆಡವಿ, ನಾಲ್ಕೂ ಕಾಲು ಕೂಡಿಸಿ ಕಟ್ಟಿ, ಅದು ಒದ್ದಾಡದ ಹಾಗೆ ಕೊಂಬು ಹಿಡಿದು ಕೂರುವ ಕೆಲಸ ಏಳು ವರ್ಷದ ಖಾಜಾಬಿಯದು. ಸಾಲಿಗೆ ಎರಡು ವರ್ಷ ಹೋದಳು, ಸಹಿ ಮಾಡಲು ಕಲಿತಳು, ಅಷ್ಟೇ. ಹದಿನೈದಕ್ಕೆ ಯಾವಗಲ್ಲಿನ ಸುಭಾನಸಾಬನ ಜೊತೆ ನಿಕಾ ಆಯಿತು. ಅವರದು ಎಲುವು ಕೂಡಿಸುವ ಮನೆತನ. ಅಜ್ಜ, ಅಪ್ಪ, ಮಗ, ಮೂರು ತಲೆಮಾರಿನಿಂದ ಅದೇ ಕೆಲಸ. ಒಕ್ಕಲುತನ ಎರಡು ಎಕರೆ ಇತ್ತು, ಆದರೆ ಮಂದಿ ಅವರನ್ನು ಹುಡುಕಿಕೊಂಡು ಬರುತ್ತಿದ್ದದ್ದು ಕೈಗುಣಕ್ಕೆ.

ಸುಭಾನಸಾಬ ಹೆಂಗಸರ ಮೈ ಮುಟ್ಟುತ್ತಿರಲಿಲ್ಲ. ಹೆಂಗಸು ಬಂದರೆ ಒಳಗೆ ಖಾಜಾಬಿ ಕೂರಬೇಕು, ಬಾಗಿಲ ಆಚೆ ಅವನು ನಿಲ್ಲಬೇಕು.

"ಹೆಬ್ಬಟ್ಟು ಇಟ್ಟು ಸಾವಕಾಶ ಕೆಳಗ ತಾ. ಏನ್ ಹತ್ತತೈತಿ ಕೈಗೆ?"

"ಸಣ್ಣ ಹರಳ ಇದ್ದಂಗ ಐತ್ರಿ."

"ಹರಳ ಸರೀತೈತೋ, ಕಲ್ಲಿನಂಗ ನಿಂತೈತೋ?"

"ಸರೀತೈತ್ರಿ."

"ಹಂಗಾರ ಅದು ನರ. ಎಲುವಲ್ಲ. ಅಂಜಬ್ಯಾಡ."

ಹೀಗೆ ಬಾಗಿಲ ಆಚೆಯ ಮಾತಿನಿಂದ ಇವಳ ಬೆರಳಿಗೆ ಕಣ್ಣು ಬಂತು. ಇಪ್ಪತ್ತೈದು ವರ್ಷ ಹಾಗೆ ನಡೆಯಿತು. ಅವನು ತೀರಿದ ಮೇಲೂ ಮಂದಿ ಬರುವುದು ನಿಲ್ಲಲಿಲ್ಲ. ಗಂಡಸರೂ ಬಂದರು. ನಾಲ್ಕು ದಿನ ಹಿಂದೆ ಮುಂದೆ ನೋಡಿದಳು, ಆಮೇಲೆ ತಲೆಯ ಸೆರಗು ಬಿಗಿ ಮಾಡಿಕೊಂಡು ಅವರ ಕಾಲೂ ಹಿಡಿದಳು.

ಅವನು ಬಿಟ್ಟು ಹೋದ ಕಟ್ಟುಪಾಡು ಎರಡೇ. ಒಳಗೆ ಎಲುವು ಕರಕರ ಅಂದರೆ ಕೈ ತೆಗೆದು ಗದಗಿನ ದವಾಖಾನಿಗೆ ಕಳಿಸಬೇಕು. ಬಾವು ಬಂದು ಬಿಸಿ ಇದ್ದರೆ ಕೈ ಇಡಲೇಬಾರದು. ಹಸಿ ಬಟ್ಟೆ ಹಾಕಿ ಮೂರು ದಿನ ಮಲಗಿಸಬೇಕು. ಬಾವು ಇಳಿಯಬೇಕು, ಆಮೇಲೆ ಮುಟ್ಟಬೇಕು. ಈ ಎರಡನೆಯದನ್ನು ಅವನು ಸಾಯುವ ವಾರವೂ ಹೇಳಿದ್ದ. "ಬಾವು ಅಂದ್ರ ಮೈ ಒಳಗಿಂದ ಬಾಗಿಲಾ ಹಾಕ್ಕೊಂಡೈತಿ. ಒಳಗ ಏನೋ ಕೆಲಸಾ ನಡದೈತಿ. ನಾವು ಬಡದು ಒಳಗ ಹೋಗಬಾರದು." ಖಾಜಾಬಿ ಅದನ್ನು ಒಮ್ಮೆಯೂ ಮೀರಿರಲಿಲ್ಲ. ಊರ ಗೌಡರ ಅಳಿಯ ಬಾವು ಬಂದ ಕಾಲು ಹೊತ್ತು ಜೀಪಿನಲ್ಲಿ ಬಂದಾಗಲೂ, ಅವನು ಬೈದು ರಂಪ ಮಾಡಿದರೂ, ಮೂರು ದಿನ ಬಿಟ್ಟು ಬಾ ಅಂತಲೇ ಕಳಿಸಿದ್ದಳು.

ಮೀರಿದ್ದು ಎರಡು ಸಾವಿರದ ಐದನೇ ಇಸವಿಯಲ್ಲಿ. ನೀಲಾಳ ಮೊಣಕಾಲಿಗೆ.

ನೀಲಾ ಮೂರು ಮನೆ ಆಚೆಯ ಕನಕಪ್ಪನ ಮಗಳು. ಕನಕಪ್ಪನಿಗೆ ಸ್ವಂತ ಟ್ರ್ಯಾಕ್ಟರ ಇತ್ತು, ತನ್ನ ಹೊಲ ಮುಗಿಸಿ ಮಂದಿಯ ಹೊಲಕ್ಕೂ ಹೊಡೆಯುತ್ತಿದ್ದ. ಹುಡುಗಿ ಹದಿಮೂರಕ್ಕೇ ಬಾಗಿಲ ಚೌಕಟ್ಟಿಗೆ ಹಣೆ ಬಡಿಸಿಕೊಳ್ಳುವಷ್ಟು ಬೆಳೆದಳು. ನೀರಿನ ಕಟ್ಟೆಯ ಹತ್ತಿರ ಹೆಂಗಸರು ನಗುತ್ತಿದ್ದರು, "ಸುಶೀಲವ್ವಾ, ನಿನ್ನ ಮಗಳ ಮದವ್ಯಾಗ ಅಳಿಯಗ ಬಂಗಾರಾ ಕೊಡಬ್ಯಾಡ, ನಿಚ್ಚಣಿಕಿ ಕೊಡು." ತಾಯಿ ಸುಶೀಲವ್ವ ನಕ್ಕಂತೆ ಮಾಡಿ ಮನೆಗೆ ಬಂದು ಅಳುತ್ತಿದ್ದಳು.

ನರಗುಂದದ ಹೈಸ್ಕೂಲಿಗೆ ಬಸ್ಸಿನಲ್ಲಿ ಹೋಗುತ್ತಿದ್ದ ಹುಡುಗಿಯನ್ನು ಅಲ್ಲಿನ ಆಟದ ಮಾಸ್ತರ ಮಲ್ಲೇಶಪ್ಪನವರು ಒಂದು ದಿನ ನಿಲ್ಲಿಸಿ, ಸಾಲಿಯ ಹಿಂದಿನ ಸಿಮೆಂಟಿನ ಅಂಗಳಕ್ಕೆ ಕರೆದೊಯ್ದು, ಕೈಯಲ್ಲಿ ಚೆಂಡು ಕೊಟ್ಟರು. ಕಂಬದ ಮೇಲಿನ ಬಳೆಯಲ್ಲಿ ಹಾಕು ಅಂದರು. ಹಾಕಿದಳು. ಅಲ್ಲಿಂದ ಬಾಸ್ಕೆಟ್‌ಬಾಲು, ಧಾರವಾಡದ ಹಾಸ್ಟೆಲ್ಲು, ರಾಜ್ಯದ ತಂಡ, ಕೊನೆಗೆ ದೇಶದ ತಂಡ. ಹದಿನೆಂಟು ತುಂಬದ ಹುಡುಗಿಯರ ಏಷ್ಯಾದ ಪಂದ್ಯಕ್ಕೆ ವಿಮಾನ ಹತ್ತಿ ಹೋದಳು.

ಸುದ್ದಿ ತಂದವರು ಮಲ್ಲೇಶಪ್ಪ ಮಾಸ್ತರರೇ. ಮೋಟರಸೈಕಲ್ಲು ನಿಲ್ಲಿಸುವುದರೊಳಗೆ ಕನಕಪ್ಪನ ಅಂಗಳ ತುಂಬಿತು. ಖಾಜಾಬಿಯೂ ಹೋಗಿ ಗೋಡೆಗೆ ಆತು ನಿಂತಳು.

"ನಮ್ಮ ದೇಶ ಆರನೇ ನಂಬರ ಬಂತು," ಅಂದರು ಮಾಸ್ತರರು. "ಆದ್ರ ನೀಲಾಗ ಕಪ್ ಕೊಟ್ಟಾರ!"

"ಆರನೇ ನಂಬರ ಬಂದ್ರೂ ಕೊಡತಾರೇನ್ರಿ?" ಸುಶೀಲವ್ವ ಬಾಗಿಲಿನಿಂದ ಕೇಳಿದಳು. "ನಮ್ಮ ದುರಗೇಶ ಆರನೇ ನಂಬರ ಬಂದಾಗ ನೀವು ಬೆತ್ತಾ ಮುರಿಯುವಂಗ ಬಡದಿದ್ರಿ."

ಅಂಗಳವೆಲ್ಲ ನಕ್ಕಿತು. ಅಣ್ಣ ದುರಗೇಶ ಅಲ್ಲೇ ಇದ್ದವನು ಕಂಬದ ಹಿಂದೆ ಸರಿದ.

"ಅದು ತಂಡದ ನಂಬರ ಅಕ್ಕಾರ. ಇದು ಬ್ಯಾರೆ. ಎಂಟು ದೇಶ, ಒಂದೊಂದಕ್ಕ ಹನ್ನೆರಡು ಹುಡುಗ್ಯಾರು, ಒಟ್ಟು ತೊಂಬತ್ತಾರು. ಕಡೀ ದಿನ ಅದರಾಗ ಐದು ಮಂದೀನ್ನ ಆರಿಸಿ, ಹೆಸರು ಹಿಡಿದು ಕರದು, ನಡು ಅಂಗಳದಾಗ ನಿಲ್ಲಿಸಿ ಗೌರವಾ ಮಾಡತಾರ. ಚೀನಾದವರು ಇಬ್ಬರು, ಜಪಾನಿನಾಕಿ ಒಬ್ಬಾಕಿ, ಕೊರಿಯಾದಾಕಿ ಒಬ್ಬಾಕಿ. ಐದನೇದಾಕಿ ನಮ್ಮ ಯಾವಗಲ್ಲಿನಾಕಿ!"

ಕನಕಪ್ಪ ಟ್ರ್ಯಾಕ್ಟರಿನ ಗಾಲಿ ಹಿಡಿದು ಕೂತುಬಿಟ್ಟ. ಆಮೇಲೆ ಎದ್ದು ಒಂದೇ ಮಾತು ಕೇಳಿದ. "ಮಾಸ್ತರ, ಆ ಬಳಿ ಎಷ್ಟು ಎತ್ತರ ಇರತೈತ್ರಿ?"

"ಹತ್ತು ಫೂಟು. ಯಾಕ?"

"ಸುಮ್ಮ ಕೇಳಿದೆ."

ನೀಲಾ ಬುಧವಾರ ಬಂದಳು. ಗುರುವಾರ ಮುಂಜಾನೆ ಊರು ಅವಳಿಗೆ ಸನ್ಮಾನ ಇಟ್ಟುಕೊಂಡಿತು. ದೊಡ್ಡ ಸನ್ಮಾನ ನರಗುಂದದಲ್ಲಿ ಭಾನುವಾರ, ಆದರೆ ಊರಿನದು ಮೊದಲು ಆಗಬೇಕಲ್ಲ. ಕನಕಪ್ಪ ಹಳೆಯ ನೀರಿನ ಡ್ರಮ್ಮಿನ ಬಾಯಿ ಕತ್ತರಿಸಿ ಬಳೆ ಮಾಡಿದ್ದ, ಚಾವಡಿಯ ಮುಂದಿನ ಬೇವಿನ ಕೊಂಬೆಗೆ ಹಗ್ಗದಿಂದ ಅಳೆದು ಸರಿಯಾಗಿ ಹತ್ತು ಫೂಟಿಗೆ ಕಟ್ಟಿದ್ದ. ಊರ ಮಂದಿ ಒಬ್ಬರೂ ಆ ಆಟ ನೋಡಿದವರಲ್ಲ, ಮಗಳು ಮಾಡಿದ್ದು ಏನು ಅಂತ ಅವರ ಕಣ್ಣಿಗೆ ಬೀಳಬೇಕು. ಚೆಂಡು ಧಾರವಾಡದ ಹಾಸ್ಟೆಲ್ಲಿನಲ್ಲಿ ಉಳಿದಿತ್ತು. ಅದಕ್ಕೇನಂತೆ, ತೆಂಗಿನಕಾಯಿ ಇದೆ. ಬಳೆಯೊಳಗಿಂದ ಬಿದ್ದ ಕಾಯಿ ನೆಲದ ಪಾಲಾಗಬಾರದು, ದೇವರಿಗೆ ಒಡೆದಂತೆ ಆಗಬೇಕು ಅಂತ ಬಳೆಯ ಕೆಳಗೆ ಸರಿಯಾಗಿ ಒಂದು ಚಪ್ಪಡಿ ಕಲ್ಲು ತಂದಿಟ್ಟ. ಸುಶೀಲವ್ವ ಅದನ್ನು ತೊಳೆದು, ಅರಿಷಿಣ ಕುಂಕುಮ ಹಚ್ಚಿ, ಎರಡು ಹೂವು ಇಟ್ಟಳು.

ನೀಲಾಳಿಗೆ ಗಜೇಂದ್ರಗಡದ ಸೀರೆ ಉಡಿಸಿದ್ದರು. ಉಡಿ ತುಂಬಿದರು, ಹಾರ ಹಾಕಿದರು. ಆಮೇಲೆ ಕನಕಪ್ಪ ಕಾಯಿ ಕೈಗೆ ಕೊಟ್ಟು, "ಹಾಕವಾ. ಅಲ್ಲೆ ಹ್ಯಾಂಗ ಹಾಕಿದಿ, ತೋರಿಸು ಇವರಿಗೆ" ಅಂದ.

"ಸೀರ್ಯಾಗ ಹ್ಯಾಂಗಪ್ಪಾ?"

"ಏ, ಚೀನಾದವರನ್ನ ಸೋಲಿಸಿದಾಕಿಗೆ ಸೀರಿ ಲೆಕ್ಕೇನು?"

ಮಂದಿ ಸಿಳ್ಳೆ ಹೊಡೆದರು. ಅವಳು ನಕ್ಕು, ಚಪ್ಪಲಿ ಬಿಟ್ಟು, ಸೆರಗು ಸಿಕ್ಕಿಸಿ, ನೆರಿಗೆ ಎತ್ತಿ ಹಿಡಿದು ನಾಲ್ಕು ಹೆಜ್ಜೆ ಓಡಿ ಜಿಗಿದಳು. ಕಾಯಿ ಬೆರಳ ತುದಿಯಿಂದ ಮೇಲಕ್ಕೆ ಹೋಗಿ ಬಳೆಯೊಳಗೆ ಇಳಿಯಿತು. ಕಲ್ಲಿನ ಮೇಲೆ ಬಿದ್ದು ಎರಡು ಸಮ ಹೋಳಾಯಿತು. ಅಂಥ ಶಕುನ ಯಾರೂ ನೋಡಿರಲಿಲ್ಲ. ಹೋ ಅಂತ ಊರೆಲ್ಲ ಕೂಗಿತು, ಎಲ್ಲರ ಕಣ್ಣು ಕಾಯಿಯ ಮೇಲೆ.

ಖಾಜಾಬಿಯ ಕಣ್ಣು ಮಾತ್ರ ರೂಢಿಯಂತೆ ಕಾಲಿನ ಮೇಲಿತ್ತು. ಮೇಲಿಂದ ಇಳಿಯುವಾಗ ಹುಡುಗಿಗೆ ಕೆಳಗಿನ ಕಲ್ಲು ಕಂಡಿತು. ಅರಿಷಿಣ ಕುಂಕುಮದ ಕಲ್ಲು, ತುಳಿಯುವುದು ಹೇಗೆ? ಗಾಳಿಯಲ್ಲೇ ಕಾಲು ಹೊರಳಿಸಿ ಆಚೆಗೆ ಇಟ್ಟಳು. ಇಡೀ ಮೈಯ ಭಾರ ಬಲಗಾಲೊಂದರ ಮೇಲೆ ಬಂತು, ಪಾದ ಹೊರಗೆ ನಿಂತಿತು, ಮೊಣಕಾಲು ಒಳಗೆ ಹೋಯಿತು. ಖಾಜಾಬಿಗೆ ಆ ಗದ್ದಲದಲ್ಲೂ ಸಪ್ಪಳ ಕೇಳಿದಂತಾಯಿತು. ಹಸಿ ಕಡ್ಡಿ ಮುರಿದ ಹಾಗಲ್ಲ, ನೆನೆದ ಹಗ್ಗ ಹರಿದ ಹಾಗೆ.

ನೀಲಾ ಬೀಳಲಿಲ್ಲ. ಬೇವಿನ ಬೊಡ್ಡೆ ಹಿಡಿದು ನಿಂತು ನಕ್ಕಳು. ಕನಕಪ್ಪ ಅವಳ ತಲೆ ಮೇಲೆ ಕೈ ಇಟ್ಟು ಅಳುತ್ತಿದ್ದ. ಅವನ ಭುಜದ ಮೇಲಿಂದ ಹುಡುಗಿ ಖಾಜಾಬಿಯನ್ನು ನೋಡಿದಳು. ಇಬ್ಬರಿಗೂ ತಿಳಿಯಿತು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಹಿತ್ತಲ ಬಾಗಿಲಿನಿಂದ ಬಂದಳು. ಗೋಡೆ ಹಿಡಿದು ಬಂದಳು.

"ಆಯಿ, ಒಂಚೂರು ನೋಡ್ರಿ."

ಖಾಜಾಬಿ ಮೊಣಕಾಲಿನ ಮೇಲೆ ಅಂಗೈ ಇಟ್ಟಳು. ರೊಟ್ಟಿ ಹಂಚಿನ ಹಾಗೆ ಬಿಸಿ. ಬಾವು ಬಟ್ಟಲಿನಷ್ಟು. ಹಿಮ್ಮಡ ಹಿಡಿದು ಮೆಲ್ಲಗೆ ಅಲುಗಿಸಿದಳು. ಮೊಣಕಾಲು ಮುಂದಕ್ಕೆ ಸರಿಯಿತು, ಕೀಲು ಸಡಿಲಾದ ಬಾಗಿಲಿನ ಹಾಗೆ, ಸರಿಯಬಾರದಷ್ಟು.

"ಇದು ನನ್ನ ಕೈಯಾಗಿನ ಕೆಲಸ ಅಲ್ಲ ಬೇಟಾ. ಮುಂಜಾನೆ ಗದಗಿಗೆ ಹೋಗು. ದವಾಖಾನಿಗೆ."

"ದವಾಖಾನಿಗೆ ಹೋದ್ರ ಪಟ್ಟಿ ಹಾಕತಾರ. ಪಟ್ಟಿ ಹಾಕ್ಯಾರ ಅಂತ ಗೊತ್ತಾದ್ರ ಹೆಸರು ಹೊಡದ ಹಾಕತಾರ. ಮಂಗಳವಾರ ಹುಬ್ಬಳ್ಳಿಯಿಂದ ರೈಲು ಐತ್ರಿ ಆಯಿ. ದಿಲ್ಲಿ ಒಳಗ ಕ್ಯಾಂಪು. ಈಗ ದೊಡ್ಡವರ ತಂಡಕ್ಕ ಕರದಾರ. ನಾಲ್ವತ್ತು ಮಂದಿ ಕರದು ಹನ್ನೆರಡು ಮಂದೀನ್ನ ಇಟ್ಟುಕೋತಾರ. ಐದು ಮಂದ್ಯಾಗ ನನ್ನ ಹೆಸರು ಬಂತಂತ ಕರದಾರ. ಈಗ ಹೋಗಲಿಲ್ಲಂದ್ರ ಮತ್ತ ಕರ್ಯಾಂಗಿಲ್ಲ."

"ಬಾವು ಇದ್ದಾಗ ಕೈ ಇಡಬಾರದಂತ ನಮ್ಮ ಮನಿಯವರು ಹೇಳ್ಯಾರ."

"ಮೂರು ದಿನಾ ಬಿಟ್ಟರ ಭಾನುವಾರ ಆಕ್ಕೈತಿ. ಭಾನುವಾರ ನಾ ಸ್ಟೇಜ್ ಹತ್ತಬೇಕು. ಕುಂಟಕೋತ ಹತ್ತಿದ್ರ ಅಪ್ಪ ಕೇಳತಾನ, ಯಾವಾಗ ಆತು ಅಂತ. ಏನು ಹೇಳಲಿ?" ಹುಡುಗಿ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಕಲ್ಲು ಅವನ ಇಟ್ಟಾನ್ರಿ ಆಯಿ. ಬಳಿ ಅವನ ಕಟ್ಟ್ಯಾನ. ಗೊತ್ತಾದ್ರ ಅಂವ ಉಳಿಯಾಂಗಿಲ್ಲ."

ಖಾಜಾಬಿ ಬೇಡ ಅನ್ನಬೇಕಿತ್ತು. ಮುಂದೆ ಎಷ್ಟೋ ದಿನ ಅವಳು ಆ ಒಂದು ಗಳಿಗೆಯನ್ನು ಕಾಳು ಹಸನು ಮಾಡಿದ ಹಾಗೆ ಮಾಡಿ ನೋಡಿದ್ದಾಳೆ. ಹುಡುಗಿಯ ಮೇಲಿನ ಕರುಣೆ ಇತ್ತು, ಸುಳ್ಳಲ್ಲ. ಕನಕಪ್ಪನ ಮೇಲೂ ಇತ್ತು. ಆದರೆ ಅದರ ಅಡಿಯಲ್ಲಿ ಇನ್ನೊಂದು ಇತ್ತು. ಇಡೀ ಏಷ್ಯಾದಲ್ಲಿ ಆರಿಸಿ ತೆಗೆದ ಐದು ಜೋಡಿ ಕಾಲುಗಳಲ್ಲಿ ಒಂದು ಜೋಡಿ ತನ್ನ ತೊಡೆಯ ಮೇಲಿತ್ತು. ಎತ್ತಿನ ಕಾಲು, ರೈತರ ಕಾಲು, ಬಾಣಂತಿಯರ ಸೊಂಟ ಹಿಡಿದು ಸವೆದ ತನ್ನ ಕೈಗೆ ಅದು ಬಂದಿತ್ತು. ಈ ಕೈಯಿಂದ ಅದು ಎದ್ದು ಓಡಿದರೆ! ಆ ಆಸೆ ಬಂತು. ಬಂದದ್ದು ನಿಜ.

ಎಣ್ಣೆ ಬಿಸಿ ಮಾಡಿಸಿದಳು. ಸೊಸೆ ಗುಲ್ಷನ ಬಟ್ಟಲು ತಂದವಳು ಕಾಲು ನೋಡಿ ಅಂದಳು, "ಅತ್ತೀ, ಬಾವು ಐತಲ್ರಿ? ಕೈ ಇಡಾಂಗಿಲ್ಲ ಅಂತಿದ್ರಿ?"

"ನೀ ಒಲಿ ನೋಡು ಹೋಗು."

ಹುಡುಗಿಯ ಬಾಯಲ್ಲಿ ಸೆರಗು ಕೊಟ್ಟು ಕಚ್ಚಿಕೋ ಅಂದಳು. ಮೊಣಕಾಲ ಎರಡೂ ಬದಿ ಒತ್ತಿ ತೀಡಿದಳು, ಹಿಮ್ಮಡ ಹಿಡಿದು ಮೂರು ಸಲ ಜಗ್ಗಿದಳು. ಮೂರನೇ ಸಲ ಒಳಗೆ ಏನೋ ಕಟ್ ಅಂದಿತು. ಕೂತುಕೊಂಡಿತು ಅಂದುಕೊಂಡಳು. ಉದ್ದಿನ ಹಿಟ್ಟು, ತತ್ತಿಯ ಬಿಳಿ ಕಲಸಿ ಮೆತ್ತಿ, ಬಿದಿರಿನ ದಬ್ಬೆ ಇಟ್ಟು, ಹಳೆಯ ಧೋತರದ ಪಟ್ಟಿಯಿಂದ ಬಿಗಿದು ಕಟ್ಟಿದಳು. ಶುಕ್ರವಾರ ಮತ್ತೆ ತೀಡಿದಳು. ಶನಿವಾರ ಬಾವು ಇಳಿದಿತ್ತು. ಇಳಿದದ್ದು ಬಿಗಿ ಕಟ್ಟಿದ್ದಕ್ಕೆ, ಒಳಗೆ ಹಸನಾಗಿದ್ದಕ್ಕಲ್ಲ. ಅದು ಅವಳಿಗೆ ತಿಳಿಯದ್ದೇನೂ ಅಲ್ಲ, ಆದರೆ ಆ ದಿನ ತಿಳಿದುಕೊಳ್ಳಲು ಮನಸ್ಸು ಬರಲಿಲ್ಲ. ನೀಲಾ ಅಂಗಳದಲ್ಲಿ ಮೂರು ಸುತ್ತು ನಡೆದಳು. ಕುಂಟಲಿಲ್ಲ.

"ನಿಮ್ಮ ಕೈ ಬಂಗಾರ ಆಯಿ," ಅಂದಳು.

ಭಾನುವಾರ ಕನಕಪ್ಪ ಟ್ರ್ಯಾಕ್ಟರಿನ ಟ್ರೇಲಿಯಲ್ಲಿ ಜಮಖಾನೆ ಹಾಸಿ ಮೂವತ್ತು ಮಂದಿಯನ್ನು ನರಗುಂದಕ್ಕೆ ಹೇರಿಕೊಂಡು ಹೋದ. ಗುಡ್ಡದ ಬುಡದಲ್ಲಿನ ಮೈದಾನದಲ್ಲಿ ಪೆಂಡಾಲು ಹಾಕಿದ್ದರು. ಸಾಹೇಬರು, ಅಡತಿ ಅಂಗಡಿಯವರು, ಎಲ್ಲರೂ ಕುರ್ಚಿಯಲ್ಲಿ ಕೂತಿದ್ದರು. ನೀಲಾಳ ಹೆಗಲಿಗೆ ಒಂದರ ಮೇಲೆ ಒಂದು ಹನ್ನೊಂದು ಶಾಲು ಬಿದ್ದವು. ಭಾಷಣ ಮಾಡಿದವರೊಬ್ಬರು ಅವಳು ಆಡಿದ್ದು ವಾಲಿಬಾಲು ಅಂದರು, ಮಲ್ಲೇಶಪ್ಪ ಮಾಸ್ತರರು ಎದ್ದು ಕಿವಿಯಲ್ಲಿ ಹೇಳಬೇಕಾಯಿತು. ಕೊನೆಗೆ ನೀಲಾಳ ಕೈಗೆ ಮೈಕು ಕೊಟ್ಟರು.

ಅವಳು ಮಾಸ್ತರರ ಹೆಸರು ಹೇಳಿದಳು, ಅವ್ವ ಅಪ್ಪನ ಹೆಸರು ಹೇಳಿದಳು. ಆಮೇಲೆ, "ಅಲ್ಲೆ ಆಡೂ ಮುಂದ ನನ್ನ ಮೊಣಕಾಲು ಒಂಚೂರು ಉಳುಕಿತ್ರಿ. ಯಾರಿಗೂ ಹೇಳಿರಲಿಲ್ಲ. ನಮ್ಮ ಊರ ಖಾಜಾಬಿ ಆಯಿ ಮೂರು ದಿನದಾಗ ಎಬ್ಬಿಸಿ ನಿಲ್ಲಿಸ್ಯಾರ. ಈ ಗೌರವಾ ಅವರದೂ ಹೌದು" ಅಂದು, ತನ್ನ ಹೆಗಲ ಮೇಲಿನ ಶಾಲು ತೆಗೆದು ಹಿಡಿದು ನಿಂತಳು.

ಮಂದಿ ಖಾಜಾಬಿಯನ್ನು ದೂಡಿ ದೂಡಿ ಸ್ಟೇಜಿಗೆ ಹತ್ತಿಸಿದರು. ಅಪ್ಪನಿಗೆ ತಿಳಿಯಬಾರದು ಅಂತ ಹುಡುಗಿ ಇಷ್ಟು ಮಂದಿಯ ಮುಂದೆ ಸುಳ್ಳು ಹೇಳಿದಳು, ಆ ಸುಳ್ಳನ್ನು ಭದ್ರ ಮಾಡಲು ಈ ಶಾಲು. ಖಾಜಾಬಿಗೆ ಅರ್ಥವಾಯಿತು. ಆದರೂ ಚಪ್ಪಾಳೆಯ ಸಪ್ಪಳ ಎದೆಗೆ ಹಿತವಾಯಿತು. ಹೆಗಲ ಮೇಲೆ ಶಾಲು ಬಿದ್ದಾಗ ಬಗ್ಗಿ ಹುಡುಗಿಯ ಕಾಲು ನೋಡಿದಳು. ಎಲ್ಲ ಭಾರ ಎಡಗಾಲಿನ ಮೇಲಿತ್ತು. ಬಲಗಾಲು ನೆಲಕ್ಕೆ ಸುಮ್ಮನೆ ತಾಗಿತ್ತು.

ಅಲ್ಲೇ ಹೇಳಬಹುದಿತ್ತು. ರೈಲು ಮಂಗಳವಾರ, ಇನ್ನೂ ಎರಡು ದಿನ ಇತ್ತು. ಹೇಳಲಿಲ್ಲ.

ಅದಾದ ಮೇಲೆ ರೋಣ, ಗಜೇಂದ್ರಗಡ, ಲಕ್ಕಲಕಟ್ಟಿಯಿಂದೆಲ್ಲ ಮಂದಿ ಬರತೊಡಗಿದರು. ಬಸ್ಸಿನ ಕಂಡಕ್ಟರ ಊರ ಅಗಸಿ ಬಾಗಿಲಲ್ಲಿ, "ಇಂಟರನ್ಯಾಶನಲ್ ಖಾಜಾಬಿ ಸ್ಟಾಪು, ಇಳೀರಿ ಕುಂಟರು" ಅಂತ ಕೂಗುತ್ತಿದ್ದ. ಖಾಜಾಬಿ ಯಾರನ್ನೂ ತಿರುಗಿ ಕಳಿಸಲಿಲ್ಲ. ನೀಲಾ ದಿಲ್ಲಿಗೆ ಹೋದ ಹನ್ನೆರಡನೇ ದಿನ ಮಲ್ಲೇಶಪ್ಪ ಮಾಸ್ತರರ ಮನೆಗೆ ದಿಲ್ಲಿಯಿಂದ ಫೋನು ಬಂತು. ಆಡುವಾಗ ನೀಲಾ ಬಿದ್ದಿದ್ದಾಳೆ, ಎದ್ದಿಲ್ಲ.

ಏಳು ತಿಂಗಳು ಅವಳು ಊರಿಗೆ ಬರಲಿಲ್ಲ. ಎರಡು ಸಲ ಮೊಣಕಾಲು ಕೊಯ್ದರು. ಬಂದಾಗ ಕೈಯಲ್ಲಿ ಕೋಲಿತ್ತು. ಖಾಜಾಬಿಗೆ ತಾನಾಗಿ ಹೋಗುವ ಧೈರ್ಯ ಇರಲಿಲ್ಲ. ನಾಲ್ಕನೇ ದಿನ, ಕನಕಪ್ಪ ಹೊಲಕ್ಕೆ ಹೋದ ಹೊತ್ತು ನೋಡಿ ಹೋದಳು. ಸುಶೀಲವ್ವ ಚಹಾ ಇಡಲು ಒಳಗೆ ಹೋದಳು.

"ಡಾಕ್ಟರ ಏನಂದ್ರು ಬೇಟಾ?"

ನೀಲಾ ತಡೆದು ತಡೆದು ಹೇಳಿದಳು. "ಒಳಗಿನ ಹಗ್ಗ ಮೊದಲ ಹರಿದಿತ್ತಂತ. ಆವಾಗ ಬಂದಿದ್ರ ಅದನ್ನ ಹೊಲದು, ಒಂದು ವರಸ ಬಿಟ್ಟು ಆಡಬಹುದಿತ್ತಂತ. ಹರಿದ ಮ್ಯಾಲ ಯಾರೋ ಜಗ್ಗ್ಯಾರ, ಆಮ್ಯಾಲ ನಾ ಅದರ ಮ್ಯಾಲ ಓಡೇನಿ. ಎಲುವಿನ ನಡುವಿನ ಗಾದಿ ಅರದು ಹೋಗೈತಿ. ಇನ್ನ ಆಡಾಂಗಿಲ್ಲ."

"ಯಾರು ಜಗ್ಗಿದ್ರಂತ ಕೇಳಲಿಲ್ಲೇನು?"

"ಕೇಳಿದ್ರು. ಗೊತ್ತಿಲ್ಲ ಅಂದೆ."

ಖಾಜಾಬಿ ನೆಲ ನೋಡುತ್ತಾ ಅಂದಳು, "ನನಗ ಗೊತ್ತಿತ್ತು ನೀಲಾ. ಕೈ ಇಟ್ಟ ಕೂಡಲೇ ಗೊತ್ತಾಗಿತ್ತು. ಸ್ಟೇಜಿನ ಮ್ಯಾಲೂ ಗೊತ್ತಿತ್ತು. ನಿಮ್ಮಪ್ಪನ ಮುಂದ ಎಲ್ಲಾ ಹೇಳಿಬಿಡತೇನಿ. ಬೈಲಿ, ಬಡೀಲಿ, ಊರು ಬಿಡಸಲಿ."

ಹುಡುಗಿ ಕೋಲನ್ನು ನೆಲಕ್ಕೆ ಊರಿ ಮುಂದೆ ಬಾಗಿದಳು. ದನಿ ಎತ್ತರಿಸಲಿಲ್ಲ. "ಹೇಳಬ್ಯಾಡ್ರಿ. ನೀವು ಹೇಳಿದ್ರ ಅಪ್ಪ ಕೇಳತಾನ, ಮೊದಲ ಯಾವಾಗ ಆತು ಅಂತ. ಆವಾಗ ಕಲ್ಲಿನ ಮಾತು ಬರತೈತಿ. ದಿಲ್ಲ್ಯಾಗ ಆತು ಅಂತ ಎಲ್ಲಾರೂ ತಿಳದಾರ. ಅಲ್ಲೇ ಇರಲಿ ಅದು."

"ನನ್ನ ಹೊಟ್ಟ್ಯಾಗ ಇಟಗೊಂಡು ಹ್ಯಾಂಗ ಇರಲಿ?"

"ನಾ ಇಟಗೊಂಡಿಲ್ಲೇನು?" ಅಂದಳು ನೀಲಾ. ಆಮೇಲೆ ಕೋಲು ಬದಿಗೆ ಇಟ್ಟು, "ನಿಮ್ಮ ಮ್ಯಾಲ ಸಿಟ್ಟಿಲ್ಲ ಅಂತ ಹೇಳಬೇಕು ಅಂತ ಭಾಳ ಸಲ ಅಂದಕೊಂಡೇನಿ ಆಯಿ. ಹೇಳಾಕ ಬರವಲ್ದು" ಅಂದಳು.

ಚಹಾ ಬಂತು. ಕುಡಿದಳು. ಅದು ಸಿಹಿಯಿತ್ತೋ ಸಪ್ಪೆಯಿತ್ತೋ ಖಾಜಾಬಿಗೆ ತಿಳಿಯಲಿಲ್ಲ.

ಅಂದಿನಿಂದ ಖಾಜಾಬಿ ಮಂದಿಯ ಕಾಲು ಮುಟ್ಟುವುದು ಬಿಟ್ಟಳು. ಕಣ್ಣು ಮಂಜಾಗಿದೆ, ಕೈ ನಡುಗುತ್ತದೆ ಅಂತ ಹೇಳಿ ಕಳಿಸುತ್ತಿದ್ದಳು. ಹಳೆಯ ಗುರುತಿನವರು ಬೇಜಾರು ಮಾಡಿಕೊಂಡರು. "ದೊಡ್ಡಾಕಿ ಆದ್ಲು, ಶಾಲು ಹೊದ್ದ ಮ್ಯಾಲ ನಮ್ಮಂಥವರ ಕಾಲು ಯಾಕ ಹಿಡೀತಾಳ" ಅಂತ ಲಕ್ಕಲಕಟ್ಟಿಯ ಒಬ್ಬ ಮುದುಕ ಅಗಸಿಯಲ್ಲಿ ನಿಂತು ಅಂದು ಹೋದ. ಜಗಳಕ್ಕೆ ಹೊರಟ ಗುಲ್ಷನಳನ್ನು ಖಾಜಾಬಿಯೇ ತಡೆದಳು.

ಕನಕಪ್ಪ ಒಂದು ವರ್ಷ ನೋಡಿದ. ಹುಬ್ಬಳ್ಳಿಯ ಡಾಕ್ಟರ, ಬೆಳಗಾವಿಯ ಡಾಕ್ಟರ ಎಲ್ಲ ಆಯಿತು. ಎಲ್ಲರೂ ಒಂದೇ ಮಾತು ಅಂದರು. ನೀಲಾ ಕೋಲು ಬಿಟ್ಟು ನಡೆಯುತ್ತಿದ್ದಳು, ಆದರೆ ಮೆಟ್ಟಿಲು ಹತ್ತುವಾಗ ಗೋಡೆ ಬೇಕು, ಕೂತರೆ ಏಳಲು ಇನ್ನೊಬ್ಬರ ಕೈ ಬೇಕು. ನೀರಿನ ಕಟ್ಟೆಯ ಹೆಂಗಸರು ಈಗ ಅವಳ ಎತ್ತರದ ಮಾತು ಎತ್ತುವುದೇ ಇಲ್ಲ. ಅದು ಸುಶೀಲವ್ವನಿಗೆ ಮೊದಲಿನ ನಗೆಗಿಂತ ಹೆಚ್ಚು ಚುಚ್ಚುತ್ತಿತ್ತು.

ಎರಡು ಸಾವಿರದ ಏಳನೇ ಇಸವಿ, ಜೋಳದ ಸುಗ್ಗಿ ಮುಗಿದ ಮೇಲೆ ಒಂದು ಗುರುವಾರ ಕನಕಪ್ಪ ಮಗಳನ್ನು ಕರೆದುಕೊಂಡು ಖಾಜಾಬಿಯ ಅಂಗಳಕ್ಕೆ ಬಂದ. ಕೈಯಲ್ಲಿ ಎಣ್ಣೆಯ ಬಾಟಲಿ, ಒಂದು ಪುಟ್ಟಿಯಲ್ಲಿ ಹನ್ನೆರಡು ತತ್ತಿ.

"ಅತ್ತೀ, ನೀವು ಮಂದೀಗೆ ಕೈ ಹಚ್ಚೂದು ಬಿಟ್ಟೀರಿ ಅಂತ ಕೇಳೇನಿ. ನನಗ ಇಲ್ಲ ಅನ್ನಬ್ಯಾಡ್ರಿ."

"ಕನಕಪ್ಪಾ, ನನ್ನ ಕೈಯಾಗ ಇನ್ನೇನೂ ಉಳದಿಲ್ಲ."

"ಹಂಗ ಅನಬ್ಯಾಡ್ರಿ. ಆವತ್ತು ಆ ಪರದೇಶದಾಗ ಆದ ಉಳುಕು ತಗದು ಮೂರು ದಿನದಾಗ ಕುದರಿ ಹಂಗ ನಿಲ್ಲಿಸಿದ್ರಿ. ನಾ ಕಣ್ಣಾರೆ ನೋಡೇನಿ. ಇಲ್ಲೇ ನಿಮ್ಮ ಹತ್ತರ ಇದ್ದಿದ್ರ ಏನೂ ಆಗತಿದ್ದಿಲ್ಲ. ಅಲ್ಲೆ ದಿಲ್ಲ್ಯಾಗಿನ ಮಂದಿ ಹೊಲ ಹೊಡದಂಗ ಹೊಡದು ನನ್ನ ಮಗಳ ಕಾಲು ಕಳದ್ರು." ತತ್ತಿಯ ಪುಟ್ಟಿಯನ್ನು ಅವಳ ಮುಂದೆ ಸರಿಸಿದ. "ಊರಾಗಿನ ಗೌರವಾ ಬ್ಯಾರೆ, ಕಾಲು ಬ್ಯಾರೆ ಅತ್ತೀ. ನನಗ ಕಪ್ ಬ್ಯಾಡ, ಶಾಲು ಬ್ಯಾಡ. ಆಕಿ ಒಮ್ಮೆ ಓಡಿದ್ದ ನೋಡಬೇಕು, ಅಷ್ಟ."

ಖಾಜಾಬಿ ನೀಲಾಳ ಮುಖ ನೋಡಿದಳು. ಆ ದಿನ ಮೊದಲು ಮುಖವನ್ನೇ ನೋಡಿದಳು. ಹುಡುಗಿ ಕಣ್ಣು ತಪ್ಪಿಸಲಿಲ್ಲ. ಕಟ್ಟೆಯ ಮೇಲೆ ಕೂತು ಲಂಗ ಮೊಣಕಾಲಿನ ತನಕ ಸರಿಸಿ ಕಾಲು ಚಾಚಿದಳು. ಮೊಣಕಾಲಿನ ಮೇಲೆ ಎರಡು ಕೊಯ್ದ ಗೆರೆ ಇದ್ದವು, ಒಂದು ಉದ್ದ, ಒಂದು ಗಿಡ್ಡ. ಬಾವು ಇರಲಿಲ್ಲ. ಬಿಸಿಯೂ ಇರಲಿಲ್ಲ. ತೊಡೆಯ ಮಾಂಸ ಕರಗಿ ಒಂದು ಕಾಲು ಇನ್ನೊಂದಕ್ಕಿಂತ ಸಣ್ಣಗಾಗಿತ್ತು.

ಕನಕಪ್ಪ ಅವಸರದಿಂದ ಖಾಜಾಬಿಯ ಅಂಗೈಗೆ ಎಣ್ಣೆ ಸುರಿದ. ಖಾಜಾಬಿ ತೀಡಿದಳು. ಎಲ್ಲಿಯೂ ಭಾರ ಹಾಕಲಿಲ್ಲ, ಗಾಯ ಒರೆಸುವ ಹಾಗೆ ಮೇಲಿಂದ ಮೇಲೆ.

"ಎಷ್ಟು ವಾರ ಬರಬೇಕ್ರಿ?" ಅಂತ ಕೇಳಿದ.

ಖಾಜಾಬಿ ತೀಡುತ್ತಲೇ ಇದ್ದಳು. ನೀಲಾಳೇ ಹೇಳಿದಳು, "ನಾಕು ಗುರುವಾರ ಅಂತಪ್ಪಾ."

ನಾಲ್ಕು ಮುಗಿದವು. ಎಂಟಾದವು, ಹದಿನಾರಾದವು. ಕನಕಪ್ಪ ಒಂದು ವಾರವೂ ತಪ್ಪಿಸಲಿಲ್ಲ. ಮಗಳು ನಡೆಯುವುದು ಈಗ ಎಷ್ಟೋ ಚಲೋ ಆಗಿದೆ ಅಂತ ಊರೆಲ್ಲ ಹೇಳಿಕೊಂಡು ಬಂದ. ಏನೂ ಆಗಿರಲಿಲ್ಲ. ಅವನು ಕಾಣಬೇಕು ಅಂದುಕೊಂಡದ್ದನ್ನು ಕಾಣುತ್ತಿದ್ದ. ಪ್ರತಿ ಗುರುವಾರ ಬೆಳಿಗ್ಗೆ ಖಾಜಾಬಿ ಇವತ್ತು ಹೇಳಿಯೇ ಬಿಡುತ್ತೇನೆ ಅಂದುಕೊಳ್ಳುತ್ತಾಳೆ. ಪ್ರತಿ ಗುರುವಾರ ಅವನು ಎಣ್ಣೆಯ ಬಾಟಲಿ ಹಿಡಿದು, ಉಸಿರು ಹಿಡಿದು, ಮೊಣಕಾಲ ಮೇಲೆಯೇ ಕಣ್ಣಿಟ್ಟು ಎದುರಿಗೆ ಕುಕ್ಕರು ಕೂರುತ್ತಾನೆ.

ಹೋದ ಗುರುವಾರ ಅವಳ ಬೆರಳು ಗೆರೆಯ ಮೇಲೆ ಬಂದು ನಿಂತುಬಿಟ್ಟವು. ಮುಂದಕ್ಕೆ ಸರಿಯಲಿಲ್ಲ. ಕಣ್ಣೀರು ಎಣ್ಣೆಯಲ್ಲಿ ಬಿತ್ತು. ನೀಲಾ ಕಾಲು ಹಿಂದೆಗೆಯಲಿಲ್ಲ. ಬಾಗಿ, ತುಟಿ ಅಲುಗಿಸದ ಹಾಗೆ ಹೇಳಿದಳು.

"ಒತ್ತಿ ಹಿಡೀರಿ ಆಯಿ. ಅಪ್ಪ ನೋಡಾಕ ಹತ್ಯಾನ."